ಅಮ್ಮ ಕುದುರೆ ಕೊಟ್ಟು ಆಡಿದ ಆಟ

ನನ್ನ ಅಮ್ಮ ಜನರ ಮುಖ ನೋಡುವ ಮೊದಲು ಅವರ ಕನ್ನಡಕ ನೋಡುತ್ತಾಳೆ. ರಸ್ತೆಯಲ್ಲಿ ಯಾರಾದರೂ ನಿಂತು ಮಾತಾಡಿಸಿ ಹೋದ ಮೇಲೆ, "ಯಾರಮ್ಮ ಅದು?" ಎಂದು ಕೇಳಿದರೆ ಹೆಸರು ಬಾಯಿಗೆ ಬರುವುದಿಲ್ಲ. "ಎಡಗಣ್ಣು ಮೈನಸ್ ಎರಡೂವರೆ, ಬಲಗಣ್ಣು ಚೆನ್ನಾಗಿದೆ. ಪಾಪ, ಒಳ್ಳೆ ಮನುಷ್ಯ, ಫ್ರೇಮ್ ಮಾತ್ರ ಮುಖಕ್ಕೆ ಒಪ್ಪಲ್ಲ" ಎನ್ನುತ್ತಾಳೆ. ಅವಳ ಪಾಲಿಗೆ ನಮ್ಮ ಬೀದಿಯ ಹಾಲಿನವನು ಪ್ಲಸ್ ಒಂದು. ನನ್ನ ಶಾಲೆಯ ಮುಖ್ಯೋಪಾಧ್ಯಾಯಿನಿ ಬೈಫೋಕಲ್. ಅಪ್ಪ ಮೈನಸ್ ನಾಲ್ಕು.

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳು ಮೂವತ್ತೊಂದು ವರ್ಷ ಗಾಜು ಉಜ್ಜಿದಳು. ಹತ್ತೊಂಬತ್ತನೇ ವಯಸ್ಸಿಗೆ ಅಲ್ಲಿ ಸೇರಿದ್ದು ಗಾಜು ಒರೆಸಿ ಕಾಗದದಲ್ಲಿ ಸುತ್ತಿಡುವ ಕೆಲಸಕ್ಕೆ. ಉಜ್ಜುವ ಕೆಲಸ ಮಾಡುತ್ತಿದ್ದ ಮುದುಕರಿಗೆ ಕೈ ನಡುಗಲು ಶುರುವಾಗಿತ್ತು. ಅದು ಮಾಲೀಕರ ಕಣ್ಣಿಗೆ ಬೀಳದಿರಲಿ ಎಂದು ಅವರು ಕಷ್ಟದ ಗಾಜುಗಳನ್ನೆಲ್ಲ ಅಮ್ಮನ ಕೈಗೆ ಕೊಟ್ಟು, ಪಕ್ಕದಲ್ಲಿ ನಿಂತು ಹೇಳಿಕೊಡುತ್ತಿದ್ದರು. ಕಾರ್ಖಾನೆಯಿಂದ ಗಾಜು ದುಂಡಗೆ, ಬಿಸ್ಕತ್ತಿನ ಹಾಗೆ ಬರುತ್ತದೆ. ಅದನ್ನು ತಿರುಗುವ ಕಲ್ಲಿನ ಚಕ್ರಕ್ಕೆ ಹಿಡಿದು, ಮೇಲಿನಿಂದ ನೀರು ತೊಟ್ಟಿಕ್ಕುತ್ತಿರುವಾಗಲೇ, ಫ್ರೇಮಿನ ಆಕಾರಕ್ಕೆ ಸವೆಸಬೇಕು. ಒಂದು ಕೂದಲೆಳೆ ಹೆಚ್ಚು ಸವೆದರೆ ಗಾಜು ಫ್ರೇಮಿನಿಂದ ಜಾರುತ್ತದೆ, ಕಡಿಮೆ ಸವೆದರೆ ಕೂರುವುದೇ ಇಲ್ಲ. ಎರಡು ವರ್ಷದಲ್ಲಿ ಮುದುಕರು ಕೆಲಸ ಬಿಟ್ಟರು, ಚಕ್ರ ಅಮ್ಮನದಾಯಿತು. ಅದೇ ಚಕ್ರ ಅವಳ ಹೆಬ್ಬೆರಳು ತೋರುಬೆರಳುಗಳ ತುದಿಯನ್ನೂ ಸವೆಸಿತು. ಅಂಗಡಿಗೆ ಬೆರಳು ಒತ್ತುವ ಹಾಜರಿ ಯಂತ್ರ ತಂದಾಗ ಅದು ಎಲ್ಲರನ್ನೂ ಗುರುತಿಸಿ, ಅಮ್ಮನನ್ನು ಮಾತ್ರ "ಮತ್ತೊಮ್ಮೆ ಪ್ರಯತ್ನಿಸಿ" ಎಂದು ಸತಾಯಿಸಿತು. "ಎಲ್ಲರಿಗಿಂತ ಹಳೇ ಆಳು ನಾನು, ನನ್ನನ್ನೇ ಯಾರು ಅಂತ ಕೇಳುತ್ತೆ" ಎಂದು ಅಮ್ಮ ಅದರ ಮೂತಿಗೆ ಒಂದು ಪೆಟ್ಟು ಕೊಟ್ಟಳಂತೆ. ಕೊನೆಗೆ ಅವಳೊಬ್ಬಳಿಗೆ ಪುಸ್ತಕದಲ್ಲಿ ಸಹಿ ಮಾಡುವ ಪದ್ಧತಿಯೇ ಉಳಿಯಿತು.

ಅಪ್ಪ ನೀರು ಸರಬರಾಜು ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದ. ಊರಿನ ನೆಲದಡಿ ಯಾವ ಕೊಳವೆ ಎಲ್ಲಿ ತಿರುಗುತ್ತದೆ ಎಂಬುದು ಅವನಿಗೆ ಬಾಯಿಪಾಠ. ಬಲು ಜಾಗರೂಕ. ಒಲೆ ಆರಿಸಿದ್ದೇನೆಯೋ ಇಲ್ಲವೋ ಎಂದು ಬಸ್ ನಿಲ್ದಾಣದಿಂದ ವಾಪಸು ಬಂದು ನೋಡುವ ಜಾತಿ. ಅಂಥವನು ಎರಡು ತಿಂಗಳಲ್ಲಿ ಮೂರು ಸಲ ಕನ್ನಡಕದ ಕಡ್ಡಿ ಮುರಿದುಕೊಂಡು ಅಂಗಡಿಗೆ ಬಂದ. ಮೂರನೇ ಸಲ ಅಮ್ಮ ಒಳಗಿನಿಂದ ಹೊರಗೆ ಬಂದು, ಮುರಿದ ಕಡ್ಡಿಯನ್ನು ಬೆಳಕಿಗೆ ಹಿಡಿದು ನೋಡಿ, "ಇದು ತಾನಾಗಿ ಮುರಿದದ್ದಲ್ಲ" ಎಂದಳು. ಅಪ್ಪನ ಕಿವಿ ಕೆಂಪಾಯಿತು. ಮದುವೆಗೆ ಅದೇ ಮಾತುಕತೆ. ಅದಕ್ಕಿಂತ ಹೆಚ್ಚು ಇಬ್ಬರೂ ಮಾತಾಡಿದ ಹಾಗೆ ಕಾಣುವುದಿಲ್ಲ.

ಮದುವೆಯಾದ ಮೇಲೂ ಮೊದಲ ಕೆಲವು ತಿಂಗಳು ಅಪ್ಪನಿಗೆ ಮಾತೇ ಬರುತ್ತಿರಲಿಲ್ಲವಂತೆ. ಕಚೇರಿಯಿಂದ ಬಂದು, ಕೈಕಾಲು ತೊಳೆದು, ಕಿಟಕಿಯ ಹತ್ತಿರ ಚದುರಂಗದ ಹಾಸು ಬಿಚ್ಚಿಕೊಂಡು ಒಬ್ಬನೇ ಎರಡೂ ಕಡೆ ಆಡುತ್ತ ಕೂರುತ್ತಿದ್ದ. ಅಮ್ಮ ಒಂದು ದಿನ ಎದುರಿಗೆ ಹೋಗಿ ಕೂತು, "ಈ ಕುದುರೆ ಯಾಕೆ ನೆಟ್ಟಗೆ ನಡೆಯಲ್ಲ?" ಎಂದು ಕೇಳಿದಳು. ಅಪ್ಪ ಉತ್ತರ ಕೊಡಲು ಶುರು ಮಾಡಿದವನು ಊಟದ ಹೊತ್ತಾದರೂ ನಿಲ್ಲಿಸಲಿಲ್ಲ. "ಅವತ್ತೇ ಮೊದಲ ಸಲ ನಿಮ್ಮಪ್ಪನ ದನಿ ಪೂರ್ತಿ ಕೇಳಿದ್ದು" ಎಂದು ಅಮ್ಮ ಇವತ್ತಿಗೂ ಹೇಳುತ್ತಾಳೆ.

ಅಲ್ಲಿಂದ ದಿನಾ ಸಂಜೆ ಒಂದು ಆಟ. ನಾನು ಹುಟ್ಟಿದ ವಾರ ಬಿಟ್ಟರೆ ತಪ್ಪಿದ್ದಿಲ್ಲ. ಅವರ ಜಗಳವೂ ಹಾಸಿನ ಮೇಲೆಯೇ. ಅಮ್ಮ ಮುನಿಸಿಕೊಂಡಿದ್ದಾಳೆ ಎಂದು ನನಗೆ ಗೊತ್ತಾಗುತ್ತಿದ್ದುದು ಕಾಯಿ ಇಡುವ ಸದ್ದಿನಿಂದ. ಅಪ್ಪ ತಪ್ಪು ಒಪ್ಪಿಕೊಳ್ಳಬೇಕಾದಾಗ ಹೇಳದೆ ಕೇಳದೆ ಹಾಸು ಬಿಚ್ಚಿ ಬಿಳಿ ಕಾಯಿಗಳನ್ನು ಅವಳ ಕಡೆ ಜೋಡಿಸಿಡುತ್ತಿದ್ದ. ಹತ್ತು ಆಟದಲ್ಲಿ ಎಂಟು ಅಪ್ಪನೇ ಗೆಲ್ಲುತ್ತಿದ್ದ. ಬಿಟ್ಟುಕೊಡುವುದು ಇಬ್ಬರಿಗೂ ಗೊತ್ತಿರಲಿಲ್ಲ. ಅಪ್ಪ ಕಲಿಸಿದ್ದು ತನ್ನ ಹಾಗೆಯೇ ಆಡುವುದನ್ನು. ಮೊದಲು ರಾಜನನ್ನು ಭದ್ರ ಮಾಡು, ಬಾಗಿಲು ಹಾಕು, ಚಿಲಕ ಹಾಕು, ಆಮೇಲೆ ಎದುರಿನವರು ತಪ್ಪು ಮಾಡುವವರೆಗೆ ಕಾದಿರು. ಅಮ್ಮ ಹಾಗೇ ಆಡಿ ಹಾಗೇ ಸೋಲುತ್ತಿದ್ದಳು.

ಹೀಗಿರುವಾಗ ಅಮ್ಮನ ಅಂಗಡಿಗೆ ಬಂದ ನಿವೃತ್ತ ಗ್ರಂಥಪಾಲಕರೊಬ್ಬರು ಹಳೆಯದೊಂದು ಚದುರಂಗದ ಪುಸ್ತಕ ಕೊಟ್ಟು ಹೋದರು. ಅವರಿಗೆ ಹೊಸ ಕನ್ನಡಕ ಹಾಕಿಸಿ, ಓದಿಸಿ ನೋಡಲು ಅಮ್ಮ ಅವರ ಕೈಯಲ್ಲಿದ್ದ ಪುಸ್ತಕವನ್ನೇ ಓದಿ ಎಂದಿದ್ದಳು. ಅವರು ಗಟ್ಟಿಯಾಗಿ ಒಂದು ಪುಟ ಓದಿದರು. ಬಿಳಿಯವನು ಎರಡನೇ ನಡೆಗೇ ರಾಜನ ಪಕ್ಕದ ಕಾಲಾಳನ್ನು ಬಲಿ ಕೊಡುವ, ಆಮೇಲೆ ಕುದುರೆಯನ್ನೂ ಹಾಗೆಯೇ ಬಿಟ್ಟು ಮುಂದೆ ನುಗ್ಗುವ ಆಟದ ಪುಟ ಅದು. ಇನ್ನೂರು ವರ್ಷದ ಹಿಂದೆ ಧೈರ್ಯವಂತರು ಆಡುತ್ತಿದ್ದ ಆರಂಭ, ಈಗ ಬುದ್ಧಿವಂತರು ಆಡುವುದಿಲ್ಲ ಎಂದು ಕೆಳಗೆ ಬರೆದಿತ್ತಂತೆ. ಅಮ್ಮ ಕೆಲಸ ಬಿಟ್ಟು ಇನ್ನೊಮ್ಮೆ ಓದಿಸಿದಳು. ಗ್ರಂಥಪಾಲಕರು ನಕ್ಕು ಪುಸ್ತಕವನ್ನು ಮೇಜಿನ ಮೇಲೆ ಬಿಟ್ಟು ಹೋದರು.

ಆ ಆಟದ ಹೆಸರೆತ್ತಿದರೆ ಅಪ್ಪ ಮೂಗು ಮುರಿಯುತ್ತಿದ್ದ. "ಅದೂ ಒಂದು ಆಟನಾ? ಮನೆ ಬಾಗಿಲು ತೆಗೆದಿಟ್ಟು ಊರೆಲ್ಲ ಸುತ್ತೋಕೆ ಹೋದ ಹಾಗೆ" ಎಂದು ಎಂದೋ ಒಂದು ಸಲ ಅಂದಿದ್ದ. ಹಾಗಾಗಿ ಅಮ್ಮ ಪುಸ್ತಕವನ್ನು ಮನೆಗೆ ತರಲಿಲ್ಲ. ಎರಡು ವರ್ಷ ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಕೌಂಟರಿನಲ್ಲಿ ಕೂರುವ ಗೆಳತಿಯನ್ನು ಎದುರಿಗೆ ಕೂರಿಸಿಕೊಂಡು, ಗಾಜು ಇಡುವ ತಟ್ಟೆಯ ಮೇಲೆ ಚೌಕಗಳನ್ನು ಗೀಚಿ, ಫ್ರೇಮಿನ ಸ್ಕ್ರೂ, ಮೂಗಿನ ಮೇಲೆ ಕೂರುವ ರಬ್ಬರುಗಳನ್ನೇ ಕಾಯಿ ಮಾಡಿಕೊಂಡು ಆ ಆಟವನ್ನು ಅಭ್ಯಾಸ ಮಾಡಿದಳು. ಗೆಳತಿಗೆ ಚದುರಂಗದಲ್ಲಿ ಆಸಕ್ತಿಯೇನೂ ಇರಲಿಲ್ಲ. "ನಿನ್ನ ಗಂಡನ್ನ ಬೆಚ್ಚಿಬೀಳಿಸೋಕೆ ಇಷ್ಟೆಲ್ಲ ಬೇಕಾ? ಹಿಂದಿಂದ ಹೋಗಿ 'ಬೋ' ಅನ್ನು, ಸಾಕು" ಎಂದು ಅವಳು ಗೊಣಗುತ್ತಿದ್ದರೂ ಕೂರುತ್ತಿದ್ದಳು. ಅಮ್ಮನಿಗೆ ಇದ್ದ ಆಸೆ ಅಷ್ಟೇ. ತನ್ನ ಒಂದೊಂದು ನಡೆಯೂ ಮೊದಲೇ ಗೊತ್ತಿರುವ ಗಂಡ ಒಂದು ಸಲ ಹುಬ್ಬೇರಿಸಬೇಕು.

ಮನೆಯಲ್ಲಿ ಮಾತ್ರ ಅದನ್ನು ಆಡಲು ಅವಳಿಗೆ ಮನಸ್ಸು ಬರಲಿಲ್ಲ. "ಇಲ್ಲಿ ನಡುವೆ ಹಾಲು ಉಕ್ಕುತ್ತೆ, ಯಾರೋ ಬೆಲ್ ಮಾಡ್ತಾರೆ. ಇದಕ್ಕೆ ಸರಿಯಾದ ಜಾಗ ಬೇಕು" ಎಂದು ನನಗೊಬ್ಬಳಿಗೆ ಹೇಳಿದಳು. ಊರಿನ ನೌಕರರ ಚದುರಂಗ ಪಂದ್ಯಾವಳಿಗೆ ಅಪ್ಪ ಪ್ರತಿ ವರ್ಷ ಹೋಗುತ್ತಿದ್ದ, ಅಮ್ಮ ಅವನ ಊಟದ ಡಬ್ಬಿ ಕಟ್ಟುತ್ತಿದ್ದಳು. ಆ ವರ್ಷ ಅರ್ಜಿ ತುಂಬಿದವಳು ನಾನು. ಒಂದರ ಬದಲು ಎರಡು ತುಂಬಿದೆ.

ಪಂದ್ಯಾವಳಿ ನಡೆದದ್ದು ಮುದ್ರಣ ಕಾರ್ಮಿಕರ ಸಂಘದ ಸಭಾಂಗಣದಲ್ಲಿ. ಉದ್ದನೆಯ ಕೋಣೆ, ಕಬ್ಬಿಣದ ಮಡಚುವ ಕುರ್ಚಿಗಳು, ಒಂದು ಕಾಲು ಗಿಡ್ಡವಾಗಿ ಅಲುಗಾಡುವ ಮೇಜುಗಳು. ಎರಡು ಭಾನುವಾರ, ಏಳು ಸುತ್ತು. ನಲವತ್ತು ಚಿಲ್ಲರೆ ಆಟಗಾರರಲ್ಲಿ ಹೆಂಗಸರು ಮೂವರು. ತೀರ್ಪುಗಾರರಾಗಿ ಕೂತವರು ನಿವೃತ್ತ ಲೆಕ್ಕದ ಮೇಷ್ಟ್ರು. ಸದ್ದು ಮಾಡಿದವರ ಕಡೆ ಕನ್ನಡಕದ ಮೇಲಿನಿಂದ ಒಂದು ನೋಟ ಬೀರಿದರೆ ಐವತ್ತು ವರ್ಷದ ಗಂಡಸರೂ ಬೆಂಚಿನ ಮೇಲೆ ನಿಲ್ಲಲು ಸಿದ್ಧರಾಗುವಂಥವರು.

ಮೊದಲ ಭಾನುವಾರ ನಾಲ್ಕು ಸುತ್ತು ಮುಗಿದಾಗ ಅಮ್ಮ ಮೂರು ಗೆದ್ದು ಒಂದು ಸೋತಿದ್ದಳು, ಅಪ್ಪನೂ ಅಷ್ಟೇ. ಎರಡನೇ ಭಾನುವಾರ ಇಬ್ಬರೂ ಇನ್ನೆರಡು ಗೆದ್ದರು. ಅಮ್ಮ ಅಷ್ಟರವರೆಗೂ ಆಡಿದ್ದು ಅಪ್ಪ ಕಲಿಸಿದ ಚಿಲಕದ ಆಟವನ್ನೇ. ಆರು ಸುತ್ತಿನ ಕೊನೆಗೆ ಇಬ್ಬರದೂ ಐದೈದು ಅಂಕ, ಎಲ್ಲರಿಗಿಂತ ಮೇಲೆ. ಕೆಳಗೆ ನಾಲ್ಕು ಅಂಕದಲ್ಲಿ ಔಷಧಿ ಅಂಗಡಿಯವರಿದ್ದರು. ದಪ್ಪ ಮೀಸೆಯ, ಗಟ್ಟಿ ಗಂಟಲಿನ ಮನುಷ್ಯ. ಅಮ್ಮನ ಲೆಕ್ಕದಲ್ಲಿ ಪ್ಲಸ್ ಎರಡು. ಕೊನೆಯ ಸುತ್ತಿಗೆ ಅಮ್ಮ ಅಪ್ಪ ಎದುರುಬದುರು ಎಂದು ಮೇಷ್ಟ್ರು ಗೋಡೆಗೆ ಚೀಟಿ ಅಂಟಿಸಿದರು. ಅಮ್ಮನಿಗೆ ಬಿಳಿ ಕಾಯಿ.

ಮೊದಲ ಇಬ್ಬರಿಗೆ ಮುಂದಿನ ಹಂತದ ಪಂದ್ಯಾವಳಿಗೆ ಇನ್ನೊಂದು ಊರಿಗೆ ಹೋಗುವ ಅವಕಾಶ. ಅಮ್ಮ ಅಪ್ಪನ ಆಟ ಡ್ರಾ ಆದರೆ ಇಬ್ಬರಿಗೂ ಐದೂವರೆ, ಇಬ್ಬರೂ ಹೋಗುತ್ತಾರೆ. ಒಬ್ಬರು ಸೋತರೆ ಸೋತವರು ಐದಕ್ಕೇ ನಿಲ್ಲುತ್ತಾರೆ. ಔಷಧಿ ಅಂಗಡಿಯವರು ತಮ್ಮ ಕೊನೆಯ ಆಟ ಗೆದ್ದು ಐದಕ್ಕೆ ಬಂದರೆ, ಸೋತವರ ಜೊತೆ ಎರಡನೇ ಸ್ಥಾನಕ್ಕೆ ಇನ್ನೊಂದು ಆಟ ಆಡಬಹುದು. ಇದು ಅಲ್ಲಿದ್ದ ಎಲ್ಲರಿಗೂ ಒಂದೇ ನೋಟಕ್ಕೆ ಅರ್ಥವಾಯಿತು.

ಊಟದ ಬಿಡುವಿನಲ್ಲಿ ನಲ್ಲಿಯ ಹತ್ತಿರ ಔಷಧಿ ಅಂಗಡಿಯವರು ಯಾರಿಗೋ ಹೇಳುತ್ತಿದ್ದರು. "ಇನ್ನೇನಿದೆ? ಗಂಡ ಹೆಂಡ್ತಿ. ಹತ್ತು ನಡೆ ಆಡಿದ ಹಾಗೆ ಮಾಡಿ ಕೈ ಕುಲುಕಿ ಎದ್ದು ಹೋಗ್ತಾರೆ. ನಾವು ಬಾಯಿ ಬಿಟ್ಕೊಂಡು ನೋಡ್ತಾ ಕೂರೋದು." ಅವರ ಹಿಂದೆಯೇ ಡಬ್ಬಿ ತೊಳೆಯಲು ನಿಂತಿದ್ದ ಅಮ್ಮ ತೊಳೆದ ಡಬ್ಬಿಯನ್ನೇ ಇನ್ನೊಮ್ಮೆ ತೊಳೆದು ಬಂದಳು.

ಬಂದು ಕೂತರೆ ಇತ್ತ ಅಪ್ಪ ಮೆಲ್ಲಗೆ, "ಅಲ್ವೇ, ಹೇಗೂ ಡ್ರಾ ಆದ್ರೆ ಇಬ್ಬರೂ ಹೋಗಬಹುದು. ರೈಲಲ್ಲಿ ಜೊತೆಗೇ..." ಎಂದು ಶುರು ಮಾಡಿದ.

"ರೀ, ನೀವೂ ಹಾಗೇ ಹೇಳ್ತೀರಾ?"

"ಹಾಗೇ ಅಂದ್ರೆ?"

"ಇಪ್ಪತ್ತೇಳು ವರ್ಷ ಆಯ್ತು. ಒಂದು ದಿನ, ಒಂದೇ ಒಂದು ದಿನ, ನನಗೆ ಆಟ ಬಿಟ್ಟುಕೊಟ್ಟಿದ್ದೀರಾ?"

ಅಪ್ಪ ಪ್ರಾಮಾಣಿಕವಾಗಿ ಯೋಚಿಸಿದ. "ಇಲ್ಲ."

"ನನಗೆ ಜ್ವರ ಬಂದಾಗ?"

"ಅವತ್ತೂ ಗೆದ್ದೆ."

"ಮನೇಲೇ ಇಲ್ಲದ ಧಾರಾಳ ಇಷ್ಟು ಜನರ ಮುಂದೆ ಯಾಕೆ? ಸುಮ್ಮನೆ ಊಟ ಮಾಡಿ. ನಿಮ್ಮನ್ನ ಇವತ್ತು ಸುಮ್ಮನೆ ಬಿಡಲ್ಲ."

ಅಪ್ಪ ನನ್ನ ಕಡೆ ನೋಡಿದ. ನಾನು ಚಪ್ಪಲಿಯ ಬಾರು ಸರಿಮಾಡಿಕೊಳ್ಳುತ್ತ ತಲೆ ತಗ್ಗಿಸಿದೆ.

ಒಬ್ಬೊಬ್ಬರಿಗೆ ಒಂದೊಂದು ಗಂಟೆ. ಮೇಷ್ಟ್ರು ಗಡಿಯಾರ ಒತ್ತಿಸಿದರು. ಮೊದಲ ನಡೆ ದಿನದ ಹಾಗೆಯೇ, ಇಬ್ಬರೂ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿದರು. ಎರಡನೇ ನಡೆಗೆ ಅಮ್ಮ ರಾಜನ ಪಕ್ಕದ ಒಂಟೆಯ ಮುಂದಿದ್ದ ಕಾಲಾಳನ್ನು ನೇರ ಅಪ್ಪನ ಕಾಲಾಳಿನ ಬಾಯಿಗೆ ನೂಕಿ, ಗಡಿಯಾರ ಒತ್ತಿ, ಕೈ ಕಟ್ಟಿ ಕೂತಳು.

ಅಪ್ಪ ತಲೆ ಎತ್ತಿದ. ಎರಡು ವರ್ಷದಿಂದ ಅಮ್ಮ ಕಾದಿದ್ದ ಹುಬ್ಬು ಕನ್ನಡಕದ ಫ್ರೇಮಿನ ಮೇಲಕ್ಕೆ ಏರಿತು. ನಾನು ನಗು ತಡೆಯಲಾಗದೆ ಕೆಮ್ಮಿದೆ. ಮೇಷ್ಟ್ರು ಕನ್ನಡಕದ ಮೇಲಿನಿಂದ ನೋಡಿದರು.

ಅಪ್ಪ ಕಾಲಾಳನ್ನು ಹೊಡೆದ. ಅಮ್ಮ ಕುದುರೆಯನ್ನು ಹೊರಗೆ ತಂದಳು, ಒಂಟೆಯನ್ನು ತಂದಳು. ಅಪ್ಪ ತನ್ನ ಕಾಲಾಳನ್ನು ಮುಂದೊತ್ತಿ ಆ ಕುದುರೆಯ ಮೇಲೆ ಕಣ್ಣು ಹಾಕಿದ. ಯಾರೇ ಆದರೂ ಕುದುರೆಯನ್ನು ಹಿಂದಕ್ಕೆ ತೆಗೆಯಬೇಕಾದ ಹೊತ್ತು. ಅಮ್ಮ ತೆಗೆಯಲಿಲ್ಲ. ರಾಜನನ್ನು ಮೂಲೆಯ ಕಡೆ ಸರಿಸಿ, ಆನೆಯನ್ನು ಅವನ ಪಕ್ಕಕ್ಕೆ ತಂದು ಕೂರಿಸಿದಳು. ಕುದುರೆ ಅಲ್ಲೇ ನಿಂತಿತ್ತು. ಆಟದ ನಡುವೆ ಮಾತಾಡುವಂತಿಲ್ಲ. ಅಪ್ಪ ಹುಬ್ಬಿನಲ್ಲೇ ಕುದುರೆಯನ್ನು ತೋರಿಸಿದ, ಮನೆಯಲ್ಲಿ ಒಲೆಯ ಮೇಲೆ ಹಾಲು ಮರೆತಾಗ ತೋರಿಸುವ ಹಾಗೆ. ಅಮ್ಮ ಅವನ ಕನ್ನಡಕವನ್ನೇ ನೋಡುತ್ತಿದ್ದಳು. ಅಪ್ಪ ಕುದುರೆಯನ್ನು ತೆಗೆದುಕೊಂಡ.

ಆಮೇಲೆ ಶುರುವಾಯಿತು. ಅಮ್ಮನ ರಾಣಿ ಹೊರಬಂದಳು. ಇನ್ನೊಂದು ಕಾಲಾಳು ಹೋಯಿತು. ಒಂಟೆ ಸೀದಾ ಅಪ್ಪನ ರಾಜನ ಪಕ್ಕಕ್ಕೆ ಹೋಗಿ ಚೆಕ್ ಕೊಟ್ಟು ಅಲ್ಲೇ ಸತ್ತಿತು, ಅದನ್ನು ಹೊಡೆಯಲು ರಾಜನೇ ಮನೆಯಿಂದ ಹೊರಗೆ ಬರಬೇಕಾಯಿತು. ಇಪ್ಪತ್ತೇಳು ವರ್ಷದಲ್ಲಿ ಒಂದು ದಿನವೂ ಅಪ್ಪನ ರಾಜ ಹೀಗೆ ಬಯಲಿಗೆ ಬಿದ್ದದ್ದಿಲ್ಲ. ಅಪ್ಪನ ಹತ್ತಿರ ಎರಡು ದೊಡ್ಡ ಕಾಯಿ ಹೆಚ್ಚಿಗೆ ಇದ್ದವು, ಆದರೆ ಅವನ ಕಾಯಿಗಳೆಲ್ಲ ಇನ್ನೂ ಹುಟ್ಟಿದ ಮನೆಯಲ್ಲೇ ನಿದ್ದೆ ಮಾಡುತ್ತಿದ್ದವು. ಅಮ್ಮನ ಬಳಿ ಉಳಿದವು ಎದ್ದು ಓಡಾಡುತ್ತಿದ್ದವು.

ಬೇರೆ ಮೇಜುಗಳ ಆಟ ಮುಗಿದಂತೆಲ್ಲ ಜನ ಇಲ್ಲಿ ಸೇರಿದರು. ಔಷಧಿ ಅಂಗಡಿಯವರೂ ತಮ್ಮ ಆಟ ಬೇಗ ಗೆದ್ದು ಬಂದು ಅಪ್ಪನ ಹಿಂದೆ ನಿಂತರು. ಅಪ್ಪ ಅಂಗಿಯ ತೋಳು ಮಡಚಿದ, ಮತ್ತೆ ಬಿಡಿಸಿದ. ಕನ್ನಡಕ ತೆಗೆದು ಒರೆಸಿದ. ಅವನು ಕನ್ನಡಕ ಒರೆಸುವ ಹೊತ್ತಿಗೆ ಅಮ್ಮ ಬಾಯಿ ಬಿಡದಿದ್ದುದು ಅದೇ ಮೊದಲು. ಸಾಮಾನ್ಯವಾಗಿ "ಅಂಗಿಯಲ್ಲಿ ಒರೆಸಬೇಡಿ, ಗೀರು ಬೀಳುತ್ತೆ" ಎನ್ನದೆ ಬಿಡುವವಳಲ್ಲ.

ಅಪ್ಪನ ಗಡಿಯಾರದಲ್ಲಿ ಒಂಬತ್ತು ನಿಮಿಷ ಉಳಿದಿತ್ತು, ಅಮ್ಮನದರಲ್ಲಿ ಇಪ್ಪತ್ತು. ಅವಳ ರಾಣಿ ಬಲಗಡೆಯಿಂದ ಚೆಕ್ ಕೊಟ್ಟಳು. ರಾಜ ಒಂದು ಮನೆ ಸರಿದ. ಎಡಗಡೆಯಿಂದ ಚೆಕ್. ರಾಜ ವಾಪಸು ಬಂದ. ಬೇರೆಲ್ಲಿ ಕಾಲಿಟ್ಟರೂ ಚೆಕ್‌ಮೇಟ್. ಅಮ್ಮ ನಿಲ್ಲಿಸಿ ಯೋಚಿಸಿದಳು. ಸವೆದ ಬೆರಳಿನಿಂದ ಮೇಜಿನ ಅಂಚನ್ನು ಉಜ್ಜುತ್ತ, ಐದು ನಿಮಿಷ, ಆರು ನಿಮಿಷ. ಎರಡು ದೊಡ್ಡ ಕಾಯಿ ಕಳೆದುಕೊಂಡವಳು ಚೆಕ್ ನಿಲ್ಲಿಸಿದರೆ ಅಪ್ಪ ಉಸಿರು ತೆಗೆದುಕೊಂಡು ಎಲ್ಲ ಕಾಯಿ ಎಬ್ಬಿಸುತ್ತಾನೆ, ಆಟ ಹೋಗುತ್ತದೆ. ಕೊನೆಗೆ ಮತ್ತೆ ಬಲಗಡೆಯಿಂದ ಚೆಕ್ ಕೊಟ್ಟಳು. ಮತ್ತೆ ಎಡದಿಂದ. ಮತ್ತೆ ಬಲದಿಂದ.

ಅಪ್ಪ ಥಟ್ಟನೆ ಕೈ ಎತ್ತಿದ. "ಮೇಷ್ಟ್ರೇ, ಅದೇ ಸ್ಥಿತಿ ಮೂರನೇ ಸಲ ಬರ್ತಿದೆ."

ತರಕಾರಿ ಆರಿಸಲೂ ಅರ್ಧ ಗಂಟೆ ತೆಗೆದುಕೊಳ್ಳುವ ಮನುಷ್ಯ ಅಷ್ಟು ಚುರುಕಾಗಿ ಕೈ ಎತ್ತಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಮೇಷ್ಟ್ರು ಇಬ್ಬರೂ ನಡೆ ಬರೆದಿಟ್ಟ ಹಾಳೆಗಳನ್ನು ನೋಡಿ, ಬೆರಳಿಟ್ಟು ಎಣಿಸಿ, ಮೂರು ಸಲ ಬಂದರೆ ಆಟ ಸಮ ಎಂಬ ನಿಯಮದಂತೆ "ಡ್ರಾ" ಎಂದರು.

"ನಾನು ಹೇಳಲಿಲ್ವಾ?" ಔಷಧಿ ಅಂಗಡಿಯವರ ದನಿ ಸಭಾಂಗಣಕ್ಕೆಲ್ಲ ಕೇಳಿತು. "ಎರಡು ಕಾಯಿ ಮುಂದಿದ್ದವರು ಯಾರಾದ್ರೂ ಡ್ರಾ ಕೇಳ್ತಾರಾ? ಮೇಷ್ಟ್ರೇ, ಇದು ಮನೇಲೇ ಮಾತಾಡಿಕೊಂಡು ಬಂದಿರೋದು."

ಅಪ್ಪನ ಮುಖ ಸಪ್ಪಗಾಯಿತು. ಊಟದ ಹೊತ್ತಿನ ತನ್ನ ಮಾತು ಅವನಿಗೆ ಚುಚ್ಚಿರಬೇಕು. ಅಮ್ಮ ಮಾತ್ರ ಎದ್ದು ನಿಂತು, ಕಾಯಿಗಳನ್ನು ಆ ಕೊನೆಯ ಸ್ಥಿತಿಗೆ ಜೋಡಿಸಿ, ಅಪ್ಪ ಕೂತಿದ್ದ ಕುರ್ಚಿಯನ್ನು ಔಷಧಿ ಅಂಗಡಿಯವರ ಕಡೆ ತಿರುಗಿಸಿದಳು.

"ಬನ್ನಿ ಸಾರ್, ಕೂತ್ಕೊಳ್ಳಿ. ನೀವು ಇವರ ಜಾಗದಲ್ಲಿ ಆಡಿ. ರಾಜನ್ನ ಎಲ್ಲಿಗೆ ಬೇಕಾದ್ರೂ ಓಡಿಸಿ. ತಪ್ಪಿಸಿಕೊಂಡ್ರೆ ನಾವಿಬ್ಬರೂ ಹೆಸರು ವಾಪಸ್ ತಗೋತೀವಿ."

"ಲೇ..." ಎಂದ ಅಪ್ಪ.

"ನೀವು ಸುಮ್ಮನಿರಿ."

ಔಷಧಿ ಅಂಗಡಿಯವರು ಮೀಸೆ ತಿರುವಿ ಕೂತರು. ರಾಜನನ್ನು ಮೇಲಕ್ಕೆ ಓಡಿಸಿದರು, ಅಮ್ಮ ಎರಡು ನಡೆಯಲ್ಲಿ ಚೆಕ್‌ಮೇಟ್ ಮಾಡಿದಳು. ಪಕ್ಕಕ್ಕೆ ಓಡಿಸಿದರು, ಮೂರು ನಡೆಯಲ್ಲಿ ಮುಗಿಯಿತು. ರಾಣಿಯನ್ನು ಅಡ್ಡ ತಂದರು, ರಾಣಿಯೇ ಹೋಯಿತು. ಸುತ್ತ ನಿಂತವರೂ ಸಲಹೆ ಕೊಡಲು ಶುರು ಮಾಡಿದರು. ಅರ್ಧ ಗಂಟೆ ಹೀಗೇ ನಡೆಯಿತು. ಮೇಷ್ಟ್ರು ಸದ್ದು ಅಡಗಿಸುವುದನ್ನು ಮರೆತು ತಾವೇ ಎರಡು ಸಲ ಕೈ ಹಾಕಿ ನಡೆಸಿ ನೋಡಿ, ಎರಡು ಸಲವೂ ಸತ್ತರು.

ಕೊನೆಗೆ ಔಷಧಿ ಅಂಗಡಿಯವರು ಕುರ್ಚಿಯಿಂದ ಎದ್ದು ಬೆವರು ಒರೆಸಿಕೊಂಡರು. ಸುಮ್ಮನೆ ಹೋಗಬಹುದಿತ್ತು, ಹೋಗಲಿಲ್ಲ. "ತಪ್ಪಾಯ್ತಮ್ಮ," ಎಂದರು, ಅದೇ ಗಟ್ಟಿ ದನಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ. ಆಮೇಲೆ ಅಪ್ಪನ ಕಡೆ ತಿರುಗಿ, "ನೀವು ದಿನಾ ಇವರ ಜೊತೆ ಆಡ್ತೀರಾ ಸಾರ್? ಬಿಪಿ ನೋಡಿಸ್ಕೊಳ್ಳಿ. ನಮ್ಮ ಅಂಗಡಿಗೆ ಬನ್ನಿ, ನಾನೇ ನೋಡ್ತೀನಿ" ಎಂದರು. ಸಭಾಂಗಣ ನಕ್ಕಿತು. ಅಪ್ಪನೂ ನಕ್ಕ, ತುಸು ತಡವಾಗಿ.

ಮನೆಗೆ ಬಸ್ಸಿನಲ್ಲಿ ಹೊರಟೆವು. ಸಂಜೆಯ ಬಿಸಿಲು ಓರೆಯಾಗಿ ಒಳಗೆ ಬೀಳುತ್ತಿತ್ತು. ಅಮ್ಮ ಕಿಟಕಿಯ ಪಕ್ಕ, ನಡುವೆ ನಾನು, ಆಚೆ ಅಪ್ಪ. ಮೂರನೇ ನಿಲ್ದಾಣ ದಾಟಿದ ಮೇಲೆ ಅಮ್ಮ ಇದ್ದಕ್ಕಿದ್ದಂತೆ ಮುಂದಿನ ಸೀಟಿನ ಕಂಬಿಗೆ ಹಣೆ ಚಚ್ಚಿಕೊಂಡಳು.

"ಆನೆ! ಅಯ್ಯೋ, ಆನೆ!"

ಮುಂದೆ ಕೂತಿದ್ದ ಹೆಂಗಸು ಬೆಚ್ಚಿ ರಸ್ತೆಯ ಕಡೆ ಬಗ್ಗಿ ನೋಡಿದಳು. ಕಂಡಕ್ಟರ್ "ಎಲ್ಲಮ್ಮ?" ಎಂದ.

"ಆ ಮೂಲೇಲಿ ಸುಮ್ಮನೆ ಕೂತಿದ್ದ ಆನೆ! ಮೊದಲ ಸಲ ರಾಜ ವಾಪಸ್ ಬಂದಾಗ ಚೆಕ್ ಕೊಡಲೇಬಾರದಿತ್ತು. ಮೆಲ್ಲಗೆ ಆ ಆನೆಯನ್ನ ನಡುಬೀದಿಗೆ ತಂದಿದ್ರೆ ಸಾಕಾಗಿತ್ತು. ಅವರಿಗೆ ಎಲ್ಲೂ ಹೋಗೋಕೆ ಆಗ್ತಿರಲಿಲ್ಲ. ಗೆದ್ದಿದ್ದೆ ಕಣೇ, ನಾನು ಗೆದ್ದಿದ್ದೆ!"

ಅಷ್ಟು ಜನ ಸೇರಿ ಅರ್ಧ ಗಂಟೆ ಆ ಹಾಸನ್ನು ಜಾಲಾಡಿದ್ದರು. ಎಲ್ಲರೂ ಹುಡುಕಿದ್ದು ಅಪ್ಪ ತಪ್ಪಿಸಿಕೊಳ್ಳುವ ದಾರಿಯನ್ನು. ಅಮ್ಮನಿಗೆ ಗೆಲ್ಲುವ ದಾರಿ ಇತ್ತೇ ಎಂದು ಯಾರಿಗೂ ಹೊಳೆದಿರಲಿಲ್ಲ. ನಾನು ಅಪ್ಪನ ಕಡೆ ತಿರುಗಿದೆ. ಅವನು ಬಹಳ ಗಮನವಿಟ್ಟು ಟಿಕೆಟ್ ಓದುತ್ತಿದ್ದ.

"ಅಪ್ಪ, ನಿನಗೆ ಗೊತ್ತಿತ್ತಾ?"

ಅಪ್ಪ ಟಿಕೆಟನ್ನು ಮಡಚಿದ. "ಅವಳು ಆರು ನಿಮಿಷ ಯೋಚನೆ ಮಾಡ್ತಾ ಕೂತಿದ್ದಳಲ್ಲ, ಆಗ ಕಂಡಿತು. ನನ್ನ ಜೀವ ಕೈಯಲ್ಲಿತ್ತು. ಈಗ ಆನೆ ಮುಟ್ತಾಳೆ, ಈಗ ಮುಟ್ತಾಳೆ ಅಂತ."

"ಅದಕ್ಕೇ ಅಷ್ಟು ಬೇಗ ಕೈ ಎತ್ತಿದ್ದು!" ಅಮ್ಮ ನನ್ನ ಮೇಲಿಂದ ಬಾಗಿ ಅವನ ತೋಳಿಗೆ ಒಂದು ಗುದ್ದು ಕೊಟ್ಟಳು. "ಆಟದಲ್ಲಿ ಹೇಳಲಿಲ್ಲ ಸರಿ. ಆಮೇಲಾದ್ರೂ ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಬಸ್ಸಲ್ಲಿ ಮುಖ ಊದಿಸ್ಕೊಂಡು ಬರ್ತಿದ್ದೆ."

"ಈಗೇನು ಕಮ್ಮಿನಾ?"

ಅಪ್ಪ ಮಡಚಿದ ಟಿಕೆಟನ್ನು ಜೇಬಿಗೆ ಹಾಕಿಕೊಂಡ. ಆಮೇಲೆ ಕಿಟಕಿಯ ಕಡೆಗೇ ಹೇಳುವವನ ಹಾಗೆ, "ಯಾರು ಕಲಿಸಿದ್ರು ಇದನ್ನ?" ಎಂದ.

ಅಮ್ಮ ಎಲ್ಲ ಹೇಳಿದಳು. ಗ್ರಂಥಪಾಲಕರು, ಪುಸ್ತಕ, ಸ್ಕ್ರೂಗಳು, ಗೆಳತಿ. ಎರಡು ವರ್ಷ ಎಂದಾಗ ಅಪ್ಪ ಅವಳ ಕಡೆ ತಿರುಗಿ, "ನನಗೋಸ್ಕರ ಎರಡು ವರ್ಷನಾ?" ಎಂದು ಕೇಳಿದ. ಅವನ ದನಿಯಲ್ಲಿ ಇದ್ದದ್ದು ಸಿಟ್ಟಲ್ಲ. ನಾನು ಎದ್ದು ಹೋಗಿ ಹಿಂದಿನ ಸೀಟಿನಲ್ಲಿ ಕೂತೆ. ಇಳಿಯುವ ನಿಲ್ದಾಣ ಬರುವವರೆಗೂ ಇಬ್ಬರೂ ಅಂಗೈ ಮೇಲೆ ಬೆರಳಲ್ಲಿ ಗೆರೆ ಎಳೆಯುತ್ತ ಆನೆ ಎಲ್ಲಿಗೆ ಬರಬೇಕಿತ್ತು ಎಂದು ವಾದ ಮಾಡುತ್ತಿದ್ದರು.

ಮುಂದಿನ ಹಂತಕ್ಕೆ ಇಬ್ಬರೂ ರೈಲಿನಲ್ಲಿ ಹೋದರು. ಅಪ್ಪ ಒಂದು ಡಬ್ಬಿ ಮಾತ್ರೆ, ಎರಡು ಕೊಡೆ, ಮೂರು ಕನ್ನಡಕ ತೆಗೆದುಕೊಂಡು ಹೋದ. ಅಲ್ಲಿ ದೊಡ್ಡ ದೊಡ್ಡ ಆಟಗಾರರು, ಇಬ್ಬರೂ ಹೆಚ್ಚಾಗಿ ಸೋತರು. ಅಪ್ಪ ಕೊನೆಯಿಂದ ಐದನೆಯವನು, ಅಮ್ಮ ಅವನಿಗಿಂತ ಹನ್ನೊಂದು ಸ್ಥಾನ ಮೇಲೆ. ಕಾಲೇಜು ಚಾಂಪಿಯನ್ ಒಬ್ಬನ ಮೇಲೆ ಅದೇ ಕುದುರೆ ಕೊಡುವ ಆಟ ಆಡಿ ಇಪ್ಪತ್ತೊಂದು ನಡೆಯಲ್ಲಿ ಗೆದ್ದಳು. ಆಟ ಮುಗಿದ ಮೇಲೆ ಆ ಹುಡುಗ, "ಆಂಟಿ, ಇದನ್ನೆಲ್ಲ ಈಗ ಯಾರೂ ಆಡಲ್ಲ" ಎಂದನಂತೆ. "ನಾನು ಆಡ್ತೀನಲ್ಲಪ್ಪ" ಎಂದು ಅಮ್ಮ ಅವನ ಫ್ರೇಮಿನ ಸಡಿಲ ಸ್ಕ್ರೂ ಬಿಗಿ ಮಾಡಿಕೊಟ್ಟು ಬಂದಳು.

ಔಷಧಿ ಅಂಗಡಿಯವರು ಈಗ ತಿಂಗಳಿಗೆರಡು ಸಲ ನಮ್ಮ ಮನೆಗೆ ಆಡಲು ಬರುತ್ತಾರೆ. ಬರುವಾಗ ಅಪ್ಪನ ಬಿಪಿ ನೋಡುವ ಯಂತ್ರವನ್ನೂ ಚೀಲದಲ್ಲಿ ತರುತ್ತಾರೆ. ಆಟಕ್ಕೆ ಮೊದಲು ಒಂದು ಸಲ, ಆಮೇಲೆ ಒಂದು ಸಲ ನೋಡುವುದು ಕ್ರಮ.

ಮರುವರ್ಷದ ಪಂದ್ಯಾವಳಿಯ ನಿಯಮಗಳ ಹಾಳೆಯಲ್ಲಿ ಕೊನೆಗೊಂದು ಸಾಲು ಹೊಸದಾಗಿ ಸೇರಿತ್ತು. ಒಂದೇ ಮನೆಯವರು ಭಾಗವಹಿಸಿದಲ್ಲಿ ಅವರ ಆಟವನ್ನು ಮೊದಲ ಸುತ್ತಿನಲ್ಲೇ ಆಡಿಸಲಾಗುವುದು. ಅಮ್ಮ ಅದನ್ನು ತನಗೆ ಸಂದ ಗೌರವವೆಂದೇ ತಿಳಿದಳು. ಹಾಳೆಯನ್ನು ಅಂಗಡಿಗೆ ಕೊಂಡೊಯ್ದು ಗೆಳತಿಗೆ, ಮಾಲೀಕರಿಗೆ, ಕಣ್ಣು ಪರೀಕ್ಷೆಗೆ ಬಂದವರಿಗೆಲ್ಲ ತೋರಿಸಿದಳು. "ಈ ಸಾಲು ನನ್ನಿಂದ ಬಂದದ್ದು. ಓದಿ ನೋಡಿ, ಕಾಣುತ್ತಾ?"

ಆ ವರ್ಷ ಮೊದಲ ಸುತ್ತಿನಲ್ಲಿ ಬಿಳಿ ಕಾಯಿ ಅಪ್ಪನಿಗೆ ಬಂತು. ಎರಡನೇ ನಡೆಗೆ ಅವನು ಬಾಗಿಲು ಚಿಲಕ ಎಲ್ಲ ಮರೆತು ರಾಜನ ಪಕ್ಕದ ಕಾಲಾಳನ್ನು ಎರಡು ಮನೆ ನೂಕಿ, ಕೈ ಕಟ್ಟಿ ಕೂತ. ಕುದುರೆಯನ್ನೂ ಕೊಟ್ಟ. ಕೊಟ್ಟವನೇ ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿಕೊಂಡ. ಹದಿನೆಂಟನೇ ನಡೆಗೆ ಚೆನ್ನಾಗಿ ಸೋತ. ಹೊರಗೆ ಬಂದು ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದವನನ್ನು, "ಏನಾಯ್ತಪ್ಪ?" ಎಂದು ಕೇಳಿದೆ.

"ಸೋತೆ," ಎಂದ, ಮುಖದ ನೀರು ಗಲ್ಲದಿಂದ ತೊಟ್ಟಿಕ್ಕುತ್ತಿರುವಾಗಲೇ. "ಆದ್ರೆ ಏನು ಮಜಾ ಇದೆ ಕಣೇ ಅದರಲ್ಲಿ! ಇಷ್ಟು ವರ್ಷ ಯಾರೂ ನನಗೆ ಹೇಳಲೇ ಇಲ್ಲ."